ಆಂಪ್ಲಿಫೈಯರಿಗೂ ಸ್ಪೀಕರಿಗೂ ಸಾಲಾವಳಿ

ಮನೆಯಲ್ಲಿ ಸಂಗೀತ ಕೇಳುವುದಕ್ಕಾಗಿ ಒಂದು ಒಳ್ಳೆಯ ಸೆಟ್ಟು ಕೊಳ್ಳಬೇಕೆಂದು ಹೊರಟ ಗೃಹಸ್ಥನು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ, “ಇದು ಎಷ್ಟು ವ್ಯಾಟಿನದು?” ಎಂಬುದೇ. ಅಕ್ಕಿಯನ್ನು ಕಿಲೋಗಳಲ್ಲಿಯೂ ಬಟ್ಟೆಯನ್ನು ಮೀಟರುಗಳಲ್ಲಿಯೂ ಅಳೆಯುವಂತೆ ಸಂಗೀತವನ್ನು ವ್ಯಾಟುಗಳಲ್ಲಿ ಅಳೆಯಬಹುದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಆಳವಾಗಿ ಬೇರೂರಿದೆ. ಅಂಗಡಿಯವನು ಈ ನಂಬಿಕೆಯನ್ನು ಕದಲಿಸುವ ಗೋಜಿಗೆ ಹೋಗುವುದಿಲ್ಲ. ಹೋದರೆ ಅವನಿಗೇ ನಷ್ಟ. ಆದರೆ ಸ್ಪೀಕರುಗಳಲ್ಲಿ ಒಂದು ಜಾತಿಯುಂಟು. ಅದರ ಮುಂದೆ ವ್ಯಾಟಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ನೂರು ವ್ಯಾಟಿನ ಆಂಪ್ಲಿಫೈಯರಿಗೆ ಕಟ್ಟಿದಾಗ ಒಣಗಿದ ದನಿ ಹೊರಡಿಸುವ ಸ್ಪೀಕರೇ ಎಂಟು ವ್ಯಾಟಿನದಕ್ಕೆ ಕಟ್ಟಿದಾಗ ತುಂಬುಕಂಠದಿಂದ ಹಾಡುವುದುಂಟು. ಇದರ ಕಾರಣ ಸರಳವಾದದ್ದೇ. ಜಾಹೀರಾತುಗಳಲ್ಲಿ ಮಾತ್ರ ಅದು ಕಾಣಿಸುವುದಿಲ್ಲ.

ಕನ್ನಡ ಪಾಠ ಹೇಳಿಕೊಂಡಿರುವ ಮೇಷ್ಟ್ರಿಗೆ ಈ ವಿದ್ಯುಚ್ಛಕ್ತಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಹಳಗನ್ನಡದ ಛಂದಸ್ಸನ್ನು ಕಲಿಸುವವನಿಗೆ ಕಿವಿಯೇ ಬಂಡವಾಳವಷ್ಟೆ. ಉಳಿದ ಲೆಕ್ಕಾಚಾರವನ್ನು ನಮ್ಮ ಕಾಲೇಜಿನ ಭೌತಶಾಸ್ತ್ರ ವಿಭಾಗದ ಮಿತ್ರರು ಕಾಫಿಯ ವೇಳೆಯಲ್ಲಿ ಹೇಳಿಕೊಟ್ಟು ಉಪಕಾರ ಮಾಡಿದ್ದಾರೆ.

ಹಿರಿಯ ವಾಚಕರಿಗೆ 1950–60ರ ದಶಕಗಳ ವಾಲ್ವ್ ರೇಡಿಯೋ ನೆನಪಿದ್ದೀತು. ಮರ್ಫಿಯೋ ಫಿಲಿಪ್ಸೋ ಬುಷ್ಷೋ, ಹೆಸರು ಯಾವುದಾದರೇನು, ನಡುಮನೆಯ ಗೂಡಿನಲ್ಲಿ ಕಸೂತಿಯ ಹೊದಿಕೆ ಹೊದ್ದು ಕುಳಿತಿರುತ್ತಿದ್ದ ಆ ಮರದ ಪೆಟ್ಟಿಗೆಯ ಹಿಂಬದಿಯ ತೂತುರಟ್ಟನ್ನು ತೆಗೆದು ನೋಡಿದರೆ ಒಳಗೆ ಸಾಮಾನ್ಯವಾಗಿ ಇರುತ್ತಿದ್ದದ್ದು ಒಂದೇ ಸ್ಪೀಕರು. ಅದನ್ನು ನಡೆಸುತ್ತಿದ್ದದ್ದು ಒಂದೇ ಔಟ್‌ಪುಟ್ ವಾಲ್ವು. ಆ ಕಾಲದಲ್ಲಿ ಬಹಳ ಹೆಸರಾಗಿದ್ದ ಇ.ಎಲ್.84 ಎಂಬ ವಾಲ್ವು ಒಂಟಿಯಾಗಿ ದುಡಿದಾಗ ಕೊಡುತ್ತಿದ್ದದ್ದು ಐದಾರು ವ್ಯಾಟು ಮಾತ್ರ. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ 1960ರ ದಶಕದಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ಆ ಐದಾರು ವ್ಯಾಟಿನಲ್ಲೇ ಬೆಳಗಿನ ವಾರ್ತೆಯೂ ರಾತ್ರಿಯ ನಾಟಕವೂ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯೂ ಪಡಸಾಲೆಯನ್ನು ದಾಟಿ ಜಗುಲಿಯವರೆಗೆ ಕೇಳುತ್ತಿದ್ದವು. ಪೂರ್ತಿ ಹೊರಳಿಸಿದರೆ ಪಕ್ಕದ ಮನೆಯವರಿಗೆ ಬೇರೆ ರೇಡಿಯೋ ಬೇಕಾಗುತ್ತಿರಲಿಲ್ಲ.

ಇಂದಿನ ಸಾಮಾನ್ಯ ಸ್ಪೀಕರ್ ಪೆಟ್ಟಿಗೆಯಲ್ಲಿ ಎರಡು ಅಥವಾ ಮೂರು ಸ್ಪೀಕರುಗಳಿರುತ್ತವೆ. ಮಂದ್ರಕ್ಕೆ ದೊಡ್ಡದು, ತಾರಕ್ಕೆ ಚಿಕ್ಕದು. ನಡುವೆ ಸ್ವರಗಳನ್ನು ಇಬ್ಬರಿಗೂ ಹಂಚಿಕೊಡಲು ತಂತಿಸುರುಳಿ ಮತ್ತು ಕೆಪಾಸಿಟರುಗಳ ಒಂದು ಪಂಚಾಯತಿ. ಇದಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಈ ಪಾಲುಪಟ್ಟಿ ಬಹುಮಟ್ಟಿಗೆ ಸೆಕೆಂಡಿಗೆ 2000ದಿಂದ 3000 ಕಂಪನಗಳ ಆಸುಪಾಸಿನಲ್ಲಿ ನಡೆಯುತ್ತದೆ. ಗಾಯಕನ ಮೂಲಸ್ವರ ಅಷ್ಟು ಎತ್ತರಕ್ಕೆ ಏರುವುದಿಲ್ಲ, ನಿಜ. ಆದರೆ ಒಬ್ಬನ ಕಂಠವನ್ನು ಇನ್ನೊಬ್ಬನ ಕಂಠದಿಂದ ಬೇರೆಯಾಗಿ ಗುರುತಿಸುವಂತೆ ಮಾಡುವ ಉಪಸ್ವರಗಳು ಆ ಗಡಿಯ ಎರಡು ಕಡೆಗೂ ಹರಡಿರುತ್ತವೆ. ತಂಬೂರಿಯಂತೂ ಉಪಸ್ವರಗಳ ಕಣಜವೇ ಸರಿ. ಅದರ ಮತ್ತು ವೀಣೆಯ ಕುದುರೆಯ ಮೇಲ್ಮೈ ಬಾಗಿರುವುದರಿಂದ ತಂತಿಯ ನಾದಕ್ಕೆ ಎಂತಹ ವಿಶೇಷ ಬರುತ್ತದೆಂಬುದನ್ನು ಸಿ. ವಿ. ರಾಮನ್ ಅವರು 1921ರಷ್ಟು ಹಿಂದೆಯೇ ಪರಿಶೀಲಿಸಿ ಬರೆದಿದ್ದರು. ಇಂತಹ ನಾದವನ್ನು ಎರಡು ತುಂಡು ಮಾಡಿ ಎರಡು ಬಾಯಿಗಳಿಂದ ಹಾಡಿಸಿದರೆ, ಕೆಲಸ ಎಷ್ಟೇ ನಯವಾಗಿದ್ದರೂ ಸೂಕ್ಷ್ಮವಾದ ಕಿವಿಗೆ ಹೊಲಿಗೆ ತಿಳಿಯುತ್ತದೆಂದು ಕೆಲವರ ವಾದ. ಅವರು ಹುಡುಕುವುದು ಮಂದ್ರದಿಂದ ತಾರದವರೆಗೆ ಎಲ್ಲವನ್ನೂ ಒಂದೇ ಕಾಗದದ ಶಂಕುವಿನಿಂದ ನುಡಿಸುವ ಸ್ಪೀಕರನ್ನು. ಅಂಗಡಿಯ ಭಾಷೆಯಲ್ಲಿ ಇದು ‘ಫುಲ್‌ರೇಂಜ್’. ಶಂಕು ಹಗುರವಾಗಿಯೂ ಅಯಸ್ಕಾಂತ ಬಲವಾಗಿಯೂ ಇದ್ದರೆ ಇದೇ ಹೆಚ್ಚಿನ ದಕ್ಷತೆಯ ಸ್ಪೀಕರಾಗುತ್ತದೆ.

ಈ ದಕ್ಷತೆಯ ಮಾತು ಹೊಸದಲ್ಲ. ಇಂದು ನಾವು ಬಳಸುವ ಸುರುಳಿ ಮತ್ತು ಶಂಕುವಿನ ಸ್ಪೀಕರಿಗೆ ಖಚಿತವಾದ ರೂಪವನ್ನು ಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್. ಅವರ ಪ್ರಬಂಧ ಹೊರಬಿದ್ದದ್ದು 1925ರಲ್ಲಿ. ಅಂದು ವ್ಯಾಟು ಎಂದರೆ ಚಿನ್ನದ ತೂಕ. 1934ರಲ್ಲಿ ‘ಸತಿ ಸುಲೋಚನ’ದೊಡನೆ ಕನ್ನಡ ಮಾತಿನ ಚಿತ್ರ ಕಣ್ಣು ಬಿಟ್ಟ ಕಾಲದಲ್ಲಿ ಪ್ರಪಂಚದ ಚಿತ್ರಮಂದಿರಗಳಲ್ಲಿದ್ದ ಆಂಪ್ಲಿಫೈಯರುಗಳ ಶಕ್ತಿ ಇಂದಿನ ಲೆಕ್ಕಕ್ಕೆ ತೀರ ಅಲ್ಪ, ಅದನ್ನು ಕೂಡಿಟ್ಟು ಸಭೆಯ ಕಡೆಯ ಬೆಂಚಿನವರೆಗೆ ತಲುಪಿಸುತ್ತಿದ್ದವು ದೊಡ್ಡ ಕಹಳೆಗಳು. ಇಂಗ್ಲೆಂಡಿನ ಪಾಲ್ ವಾಯ್ಟ್ ಎಂಬವನು 1930ರ ದಶಕದಲ್ಲಿ ಆ ಕಹಳೆಯನ್ನೇ ಮಡಿಸಿ ಮನೆಯ ಮೂಲೆಯಲ್ಲಿ ನಿಲ್ಲುವಂತೆ ಮಾಡಿದನು. ಅವನ ಮಾರ್ಗವನ್ನು ಹಿಡಿದು ಬೆಳೆದ ಲೌಥರ್ ಸ್ಪೀಕರುಗಳ ಹೆಸರು ಈ ಹವ್ಯಾಸಿಗಳ ಬಾಯಲ್ಲಿ ಇಂದಿಗೂ ಕುಲದೈವದ ಹೆಸರಿನಂತೆ ಓಡಾಡುತ್ತದೆ. ಅಷ್ಟು ಬೆಲೆ ತೆರಲಾರದವರು ಜಪಾನಿನ ಫಾಸ್ಟೆಕ್ಸ್ ಕಂಪೆನಿಯದನ್ನು ತರಿಸುವರು.

ಹೀಗಿರಲು 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಗಾಳಿಯಾಡದ ಸಣ್ಣ ಪೆಟ್ಟಿಗೆಯಿಂದ ಆಳವಾದ ಮಂದ್ರವನ್ನು ಹೊರಡಿಸಬಹುದೆಂದು ತೋರಿಸಿದನು. ಪೆಟ್ಟಿಗೆ ಕಪಾಟಿನಲ್ಲಿ ಕೂಡುವಷ್ಟು ಚಿಕ್ಕದು. ಆದರೆ ಅದನ್ನು ನಡೆಸಲು ಹತ್ತಾರು ವ್ಯಾಟು ಬೇಕು. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ದಕ್ಷತೆ, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಲೇಬೇಕು. ಟ್ರಾನ್ಸಿಸ್ಟರ್ ಬಂದು ವ್ಯಾಟು ಅಗ್ಗವಾದ ಮೇಲೆ ಪ್ರಪಂಚ ಬಿಟ್ಟದ್ದು ದಕ್ಷತೆಯನ್ನು. ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡುವವರು ಅದನ್ನು ತಪ್ಪೆನ್ನುವಂತಿಲ್ಲ.

ಈಗ ಸ್ವಲ್ಪ ಲೆಕ್ಕ. ಗಾಬರಿಪಡಬೇಕಾಗಿಲ್ಲ, ನಮ್ಮ ದಿನಸಿ ಚೀಟಿಗಿಂತ ಇದು ಕಷ್ಟವಲ್ಲ. ಸ್ಪೀಕರಿಗೆ ಒಂದು ವ್ಯಾಟು ಕೊಟ್ಟು ಒಂದು ಮೀಟರು ದೂರದಲ್ಲಿ ಅಳೆದಾಗ ದೊರೆಯುವ ಧ್ವನಿಯ ಮಟ್ಟವನ್ನು ಡೆಸಿಬಲ್ಲುಗಳಲ್ಲಿ ಹೇಳುತ್ತಾರೆ. ಇಂದಿನ ಸಾಧಾರಣ ಸ್ಪೀಕರಿಗೆ ಅದು 86ರ ಆಸುಪಾಸು. ನಾವು ಹೇಳುತ್ತಿರುವ ಜಾತಿಗೆ 95ರಿಂದ 100. ಅಂತರ ಹತ್ತೇ ಎಂದು ತೋರಬಹುದು. ಆದರೆ ಡೆಸಿಬಲ್ ಹತ್ತು ಏರಬೇಕಾದರೆ ವ್ಯಾಟು ಹತ್ತರಷ್ಟಾಗಬೇಕು. 86ರ ಸ್ಪೀಕರು ತನಗೆ ಕೊಟ್ಟ ವಿದ್ಯುತ್ತಿನಲ್ಲಿ ನೂರಕ್ಕೆ ಕಾಲು ಭಾಗವನ್ನಷ್ಟೇ ನಾದವಾಗಿಸಿ ಉಳಿದದ್ದನ್ನು ಶಾಖವಾಗಿ ಕಳೆಯುತ್ತದೆ. 96ರದು ನೂರಕ್ಕೆ ಎರಡೂವರೆ ಭಾಗವನ್ನು ನಾದವಾಗಿಸುತ್ತದೆ. ಎರಡೂ ದುಂದುಗಾರರೇ, ಎರಡನೆಯವನು ಸ್ವಲ್ಪ ವಾಸಿ.

ಮೂರು ಮೀಟರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದೀರೆಂದಿಟ್ಟುಕೊಳ್ಳಿ. 96 ಡೆಸಿಬಲ್ಲಿನ ಒಂದು ಜೋಡಿ, ತಲಾ ಒಂದು ವ್ಯಾಟಿಗೆ, ಅಲ್ಲಿ ಸುಮಾರು 90 ಡೆಸಿಬಲ್ ಮುಟ್ಟಿಸುತ್ತದೆ. ಮನೆಯಲ್ಲಿ ನೆಮ್ಮದಿಯಾಗಿ ಕೇಳುವ ಮಟ್ಟ 70ರ ಹತ್ತಿರ. ಎಂದರೆ ಹೆಚ್ಚು ಹೊತ್ತು ಸ್ಪೀಕರಿಗೆ ಹೋಗುತ್ತಿರುವುದು ಒಂದು ವ್ಯಾಟಿನ ನೂರನೆಯ ಒಂದು ಭಾಗ! ತನಿ ಆವರ್ತನದ ಕೊನೆಯ ಮುಕ್ತಾಯದಲ್ಲಿ ಮಟ್ಟ ಇಪ್ಪತ್ತು ಡೆಸಿಬಲ್ ಮೇಲೆ ಹಾರಿದರೂ ಬೇಕಾದದ್ದು ಒಂದೇ ವ್ಯಾಟು. ಆದುದರಿಂದ ನೂರು ವ್ಯಾಟಿನ ಯಂತ್ರವನ್ನು ಇದಕ್ಕೆ ಕಟ್ಟುವುದು ಸೊಳ್ಳೆಗೆ ಒನಕೆ ಎತ್ತಿದಂತೆ. ಎತ್ತಿದರೆ ತಪ್ಪೇನು, ಸಣ್ಣಗೆ ಇಟ್ಟುಕೊಂಡರಾಯಿತಲ್ಲ ಎನ್ನಬಹುದು. ತಪ್ಪಿದೆ.

ಕಳೆದ ವರ್ಷ ನಮ್ಮ ಬೀದಿಯ ನಿವೃತ್ತ ಮುಖ್ಯೋಪಾಧ್ಯಾಯರಿಗೆ ಪರದೇಶದಲ್ಲಿರುವ ಮಗನು ಇಂತಹ ಎಂಟು ಅಂಗುಲದ ಒಂದು ಜೊತೆ ಸ್ಪೀಕರುಗಳನ್ನು ಕಳುಹಿಸಿದನು. ಬಡಗಿಯೊಬ್ಬನು ನಕ್ಷೆ ನೋಡಿಕೊಂಡು ಅವುಗಳಿಗೆ ಆಳೆತ್ತರದ ಪೆಟ್ಟಿಗೆ ಮಾಡಿಕೊಟ್ಟನು. ಆಂಪ್ಲಿಫೈಯರನ್ನು ಮಾತ್ರ ಅವರೇ ಅಂಗಡಿಯಲ್ಲಿ ಕೊಂಡರು: ನೂರು ವ್ಯಾಟಿನದು, ಹೊಳಪಿನ ಮುಖದ್ದು. ಮೊದಲ ದಿನ ಹಾಕಿದ್ದು ಒಂದು ಕರ್ನಾಟಕ ಸಂಗೀತದ ಕಚೇರಿ. ಕಂಠ ಎದುರಿಗೇ ಬಂದು ಕುಳಿತಂತಿತ್ತು. ಆದರೆ ಐದು ನಿಮಿಷ ಕೇಳಿದ ಮನೆಯೊಡತಿ, “ಹಾಡುವವರು ಬಂದಿದ್ದಾರೆ, ಸರಿ. ಮೃದಂಗದವರ ಎಡಗೈ ಎಲ್ಲಿ ಹೋಯಿತು?” ಎಂದರು. ಆಕೆ ಚಿಕ್ಕಂದಿನಲ್ಲಿ ವೀಣೆ ಕಲಿತವರು; ಆ ಮಾತಿಗೆ ಮೇಲ್ಮನವಿಯಿಲ್ಲ. ಅದರ ಮೇಲೆ, ಹಾಡು ನಿಂತೊಡನೆ ಒಲೆಯ ಮೇಲೆ ಹಾಲು ಕಾಯುವಂತಹ ಸುಯ್ಯೆಂಬ ಸದ್ದು ಬೇರೆ.

ಅಂಗಡಿಯಲ್ಲಿ ವಿಚಾರಿಸಿದರೆ, ಶಕ್ತಿ ಸಾಲದು, ಇದನ್ನು ಹಿಂದಕ್ಕೆ ಕೊಟ್ಟು ಇನ್ನೂರು ವ್ಯಾಟಿನದನ್ನು ಕೊಳ್ಳಿ ಎಂದು ಸಲಹೆ ಬಂದಿತು. “ಮೇಷ್ಟ್ರೇ, ಇನ್ನೂ ದೊಡ್ಡದು ಹಾಕಿಸಿ ಅನ್ನುತ್ತಾರೆ. ನನ್ನ ಪೆನ್ಷನ್ನಿನಲ್ಲಿ ಎಷ್ಟು ದೊಡ್ಡದು ಅಂತ ಹಾಕಿಸಲಿ? ಸ್ಪೀಕರನ್ನೇ ಮಾರಿಬಿಡೋಣ ಅಂದರೆ ಮಗ ಬೇಜಾರು ಮಾಡಿಕೊಳ್ಳುತ್ತಾನೆ,” ಎಂದು ಅವರು ನನ್ನಲ್ಲಿ ಹೇಳಿಕೊಂಡರು.

“ಸಾರ್, ತಾವು ಒಂದು ವಾರ ತಡೆಯಿರಿ,” ಎಂದು ನಾನು ಭೌತಶಾಸ್ತ್ರದ ಮಿತ್ರರನ್ನು ಕರೆದುಕೊಂಡು ಹೋದೆ. ಅವರು ಸ್ಪೀಕರಿನ ವಿವರದ ಹಾಳೆಯನ್ನು ನೋಡಿದವರೇ ನಕ್ಕರು.

ಅವರು ಹೇಳಿದ ಕಾರಣವನ್ನು ಅವರ ಉಪಮಾನದಲ್ಲಿಯೇ ಹೇಳುತ್ತೇನೆ. ಹಿಂದಿನ ಸೈಕಲ್ಲುಗಳ ಚಕ್ರಕ್ಕೆ ತಾಗಿಸುತ್ತಿದ್ದ ಡೈನಮೋವನ್ನು ಜ್ಞಾಪಿಸಿಕೊಳ್ಳಿ. ದೀಪ ಹತ್ತಿಸಿದೊಡನೆ ಪೆಡಲು ಭಾರವಾಗುತ್ತಿತ್ತಷ್ಟೆ? ಅಯಸ್ಕಾಂತದ ನಡುವೆ ಸುರುಳಿ ಚಲಿಸಿದರೆ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತಿಗೆ ಹರಿಯಲು ದಾರಿ ಸಿಕ್ಕಿದರೆ ಅದು ಚಲನೆಯನ್ನೇ ತಡೆಯುತ್ತದೆ. ಸ್ಪೀಕರೂ ಹೀಗೆಯೇ ಅಯಸ್ಕಾಂತದ ನಡುವೆ ಆಡುವ ಸುರುಳಿ. ಆದುದರಿಂದ ಅದು ಹಾಡುವಾಗಲೆಲ್ಲ ಒಂದು ಪುಟ್ಟ ಡೈನಮೋ ಕೂಡ ಆಗಿರುತ್ತದೆ. ಅದು ಹುಟ್ಟಿಸಿದ ವಿದ್ಯುತ್ತು ಹರಿಯುವ ದಾರಿ ಯಾವುದೆಂದರೆ ಆಂಪ್ಲಿಫೈಯರೇ. ಇಂದಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಒಳರೋಧ ಹೆಚ್ಚುಕಡಮೆ ಸೊನ್ನೆ. ದಾರಿ ಸಲೀಸು, ಆದುದರಿಂದ ಬ್ರೇಕು ಬಿಗಿ. ಸಾಧಾರಣ ಸ್ಪೀಕರಿಗೆ ಇದು ಒಳ್ಳೆಯದು. ಬ್ರೇಕಿಲ್ಲದಿದ್ದರೆ ಅದರ ಮಂದ್ರ ಡೊಳ್ಳಿನಂತೆ ಗುಡುಗುತ್ತದೆ. ಆದರೆ ಅಯಸ್ಕಾಂತ ಅತಿ ಬಲವಾಗಿರುವ ಈ ಫುಲ್‌ರೇಂಜ್ ಸ್ಪೀಕರಿಗೆ ತನ್ನ ಬ್ರೇಕೇ ಬೇಕಾದಷ್ಟಿದೆ. ಅದರ ಮೇಲೆ ಸೊನ್ನೆ ರೋಧದ ಆಂಪ್ಲಿಫೈಯರನ್ನು ಕಟ್ಟಿದರೆ ಮಂದ್ರದಲ್ಲಿ ಶಂಕು ಅಲ್ಲಾಡಲು ಹೆದರುತ್ತದೆ. ಮೃದಂಗದ ಎಡಗೈ ಕಳೆದುಹೋದದ್ದು ಅಲ್ಲಿ.

ಸ್ಪೀಕರಿನ ಹಾಳೆಯಲ್ಲಿ ‘ಕ್ಯೂಟಿಎಸ್’ ಎಂಬ ಒಂದು ಅಂಕಿಯಿರುತ್ತದೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ತೋರಿಸಿದ ದಾರಿಯನ್ನು ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ವಿಸ್ತರಿಸಿದ ಮೇಲೆ ಇಂತಹ ಅಂಕಿಗಳನ್ನು ಕೊಡುವುದು ರೂಢಿಯಾಯಿತು. ಈ ಒಂದು ಅಂಕಿಯನ್ನು ನೋಡಿ ಬ್ರೇಕು ಎಷ್ಟಿದೆಯೆಂದು ಹೇಳಬಹುದು. 0.4ಕ್ಕೆ ಮೇಲಿದ್ದರೆ ಬ್ರೇಕು ಸಡಿಲ. ಒಳರೋಧ ಕಡಮೆಯಿರುವ ಆಂಪ್ಲಿಫೈಯರನ್ನೇ ಅದಕ್ಕೆ ತರಬೇಕು. 0.25ಕ್ಕೂ ಕೆಳಗಿದ್ದರೆ ಅತಿ ಬಿಗಿ; ಒಳರೋಧ ಸ್ವಲ್ಪ ಹೆಚ್ಚಾಗಿರುವ ಆಂಪ್ಲಿಫೈಯರು ಅದಕ್ಕೆ ಅನುಕೂಲ. ನಮ್ಮ ಹಿರಿಯರದು 0.2.

ನಾನು ಸಾಲಾವಳಿ ಎಂದದ್ದು ಇದನ್ನೇ. ಗಂಡಿನ ಸಂಬಳವೆಷ್ಟೆಂದು ಮಾತ್ರ ಕೇಳಿ ಮದುವೆ ನಿಶ್ಚಯಿಸುವುದು ಹೇಗೋ, ವ್ಯಾಟು ಎಷ್ಟೆಂದು ಮಾತ್ರ ಕೇಳಿ ಆಂಪ್ಲಿಫೈಯರ್ ಕೊಳ್ಳುವುದೂ ಹಾಗೆಯೇ. ಇಲ್ಲಿ ಕೂಡಿಬರಬೇಕಾದದ್ದು ಆಂಪ್ಲಿಫೈಯರಿನ ಒಳರೋಧವೂ ಸ್ಪೀಕರಿನ ಬ್ರೇಕೂ. ಆದರೆ ಒಳರೋಧದ ಅಂಕಿಯನ್ನು ಯಾರೂ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದಿಲ್ಲ. ಆಂಪ್ಲಿಫೈಯರಿನ ಬೆನ್ನಿನ ಮೇಲೆ ‘8 ಓಮ್’ ಎಂದು ಬರೆದಿರುವುದು ಅದು ಯಾವ ಸ್ಪೀಕರನ್ನು ಹೊರಬಲ್ಲದೆಂಬುದಕ್ಕೆ ಗುರುತೇ ಹೊರತು ಅದರ ಒಳರೋಧವಲ್ಲ. ಈ ಎರಡನ್ನೂ ಒಂದೆಂದು ತಿಳಿಯುವವರು ಬಹಳ. ಹಾಳೆಯಲ್ಲಿ ‘ಡ್ಯಾಂಪಿಂಗ್ ಫ್ಯಾಕ್ಟರ್’ ಎಂದಿದ್ದರೆ ಎಂಟನ್ನು ಆ ಅಂಕಿಯಿಂದ ಭಾಗಿಸಿ: 400 ಎಂದಿದ್ದರೆ ಒಳರೋಧ 0.02 ಓಮ್, 4 ಎಂದಿದ್ದರೆ 2 ಓಮ್. ಮೊದಲನೆಯದನ್ನು ಜಾಹೀರಾತುಗಾರರು ದೊಡ್ಡ ಅಕ್ಷರಗಳಲ್ಲಿ ಸಾರುವರು. ನಮ್ಮ ಸ್ಪೀಕರಿಗೆ ಬೇಕಾದದ್ದು ಎರಡನೆಯದು.

ಮಿತ್ರರು ಮಾಡಿದ ಚಿಕಿತ್ಸೆಗೆ ತಗಲಿದ ವೆಚ್ಚ ಒಂದು ಹೊತ್ತಿನ ತಿಂಡಿಯದಕ್ಕಿಂತ ಕಡಮೆ. ಸದರ್ ಪತ್ರಪ್ಪ ರಸ್ತೆಯ ಅಂಗಡಿಯಿಂದ 4 ಓಮಿನ, 10 ವ್ಯಾಟು ತಡೆಯಬಲ್ಲ ಎರಡು ರೆಸಿಸ್ಟರುಗಳನ್ನು ತಂದು, ಆಂಪ್ಲಿಫೈಯರನ್ನು ಆರಿಸಿ, ಪ್ರತಿಯೊಂದು ಸ್ಪೀಕರಿಗೆ ಹೋಗುವ ಒಂದು ತಂತಿಯ ನಡುವೆ ಒಂದೊಂದನ್ನು ಸೇರಿಸಿದರು. ಸ್ಪೀಕರಿನ ಕಣ್ಣಿಗೆ ಈಗ ಆಂಪ್ಲಿಫೈಯರಿನ ಒಳರೋಧ ನಾಲ್ಕು ಓಮು. 0.2 ಇದ್ದದ್ದು 0.3ನ್ನು ದಾಟಿತು. ಸ್ಪೀಕರುಗಳನ್ನು ಎರಡು ಅಡಿ ಹಿಂದಕ್ಕೆ, ಗೋಡೆಯ ಹತ್ತಿರಕ್ಕೆ ಸರಿಸಿದರು. ರೆಸಿಸ್ಟರು ಶಕ್ತಿಯಲ್ಲಿ ಸ್ವಲ್ಪವನ್ನು ತಾನೇ ತಿನ್ನುತ್ತದೆ, ಧ್ವನಿ ಮೂರೂವರೆ ಡೆಸಿಬಲ್ಲಿನಷ್ಟು ಇಳಿಯುತ್ತದೆ. ನೂರು ವ್ಯಾಟು ಇಟ್ಟುಕೊಂಡು ನೂರನೆಯ ಒಂದು ಭಾಗ ಖರ್ಚು ಮಾಡುವವರಿಗೆ ಅದೊಂದು ನಷ್ಟವೆ?

ಅದೇ ಕಚೇರಿಯನ್ನು ಮತ್ತೆ ಹಾಕಿದರು. ಮನೆಯೊಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಪಲ್ಲವಿ ಪೂರ್ತಿ ಕೇಳಿದರು. “ಎಡಗೈ ಬಂತು. ಇನ್ನು ಆ ಹಾಲು ಕಾಯುವ ಸದ್ದು?” ಎಂದರು.

ಆ ಸದ್ದಿಗೂ ದಕ್ಷತೆಯೇ ಕಾರಣ. ಎಲ್ಲ ಆಂಪ್ಲಿಫೈಯರಿನಲ್ಲಿಯೂ ತನ್ನದೇ ಆದ ಅಷ್ಟಿಷ್ಟು ಗದ್ದಲ ಇದ್ದೇ ಇರುತ್ತದೆ. 86ರ ಸ್ಪೀಕರು ಅದನ್ನು ಮುಚ್ಚಿಡುತ್ತದೆ. 96ರದು ಹತ್ತು ಡೆಸಿಬಲ್ ಎತ್ತರಿಸಿ ಸಭೆಗೆ ಸಾರುತ್ತದೆ. ಜೊತೆಗೆ ವರ್ಧನೆಯ ಪ್ರಮಾಣ ಬೇರೆ ಇದೆ. ಸಿ.ಡಿ. ಯಂತ್ರವು ಪೂರ್ತಿ ದನಿಯಲ್ಲಿ ಕೊಡುವುದು ಎರಡು ವೋಲ್ಟು. ಅದನ್ನು ಇಪ್ಪತ್ತರಷ್ಟು ಮಾಡುವ ಆಂಪ್ಲಿಫೈಯರಿನಿಂದ ಬರುವುದು ನಲವತ್ತು ವೋಲ್ಟು. ಒಂದು ವ್ಯಾಟಿಗೆ ಬೇಕಾದದ್ದೋ ಮೂರಕ್ಕೂ ಕಡಮೆ. ಆದುದರಿಂದ ದನಿಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವುದರೊಳಗೆ ಮನೆಯೆಲ್ಲ ತುಂಬಿಬಿಡುತ್ತದೆ, ಅದಕ್ಕಿಂತ ಕೆಳಗೆ ಇಟ್ಟರೆ ಎಡಬಲಗಳ ಸಮತೂಕ ತಪ್ಪುತ್ತದೆ. ಗುಂಡಿ ಹೊರಳಿಸಿದಂತೆ ಸುಯ್ಯೆಂಬುದು ಏರಿಳಿದರೆ ಅದು ಹಿಂದಿನಿಂದ ಬರುತ್ತಿರುವ ಗದ್ದಲ. ಆಂಪ್ಲಿಫೈಯರಿನ ಒಳಬಾಗಿಲಿನಲ್ಲಿಯೇ ದನಿಯನ್ನು ತಗ್ಗಿಸುವ ಏರ್ಪಾಡು ಮಾಡಬಹುದು. ಗುಂಡಿ ಎಲ್ಲಿದ್ದರೂ ಒಂದೇ ಸಮನಾಗಿದ್ದರೆ ಅದು ಆಂಪ್ಲಿಫೈಯರಿನ ಹುಟ್ಟುಗುಣ; ಹೊರಬಾಗಿಲಿನಲ್ಲಿ ತಡೆಯಬೇಕು. ಈ ಮನೆಯಲ್ಲಿ ಇದ್ದದ್ದು ಎರಡನೆಯ ಬಗೆ. ಅದೇ ರೆಸಿಸ್ಟರು ಅದನ್ನೂ ಮೂರೂವರೆ ಡೆಸಿಬಲ್ ಇಳಿಸಿದ್ದಿತು. ಸ್ಪೀಕರಿಗೆ ಕಿವಿಗೊಟ್ಟರೆ ಉಂಟು, ಕುರ್ಚಿಯಲ್ಲಿ ಕುಳಿತರೆ ಇಲ್ಲ. ಆಂಪ್ಲಿಫೈಯರು ಆ ಮನೆಯಲ್ಲೇ ಉಳಿಯಿತು, ಪೆನ್ಷನ್ನೂ ಉಳಿಯಿತು.

ಹೊಸದಾಗಿ ಕೊಳ್ಳುವವರು ಏನು ಮಾಡಬೇಕು? ಮೊದಲು ಸ್ಪೀಕರನ್ನು ಆರಿಸಿ, ಅದರ ಹಾಳೆಯನ್ನು ನೋಡಿ, ಆಮೇಲೆ ಆಂಪ್ಲಿಫೈಯರಿಗೆ ಹೊರಡಬೇಕು. ಅತಿ ಬಿಗಿಯಾದ ಸ್ಪೀಕರಿಗೆ ಪರಂಪರೆಯಿಂದ ಒಪ್ಪುವ ವರನೆಂದರೆ ಟ್ರಯೋಡ್ ವಾಲ್ವಿನ ಆಂಪ್ಲಿಫೈಯರು. ಅವುಗಳಲ್ಲಿ ಮಹಾರಾಜನೆನಿಸಿಕೊಂಡದ್ದು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿ 1930ರ ದಶಕದಲ್ಲಿ ತಂದ 300ಬಿ. ಒಂಟಿಯಾಗಿ ಅದು ಕೊಡುವುದು ಎಂಟು ವ್ಯಾಟು. ಅದರ ತಮ್ಮನಂತಿರುವ 2ಎ3 ಕೊಡುವುದು ಮೂರೂವರೆ. ಈ ವಾಲ್ವಿಗೆ ಬೇಕಾದ ಹೊರೆ ಸುಮಾರು 3500 ಓಮು, ಸ್ಪೀಕರಿನದು 8. ಇಬ್ಬರ ನಡುವೆ ನಿಂತು ದುಭಾಷಿಯ ಕೆಲಸ ಮಾಡುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಅದರ ಸುತ್ತುಗಳ ಪ್ರಮಾಣ 21ಕ್ಕೆ 1. ವಾಲ್ವಿನ 700 ಓಮಿನ ಒಳರೋಧ ಈ ದುಭಾಷಿಯ ಬಾಯಲ್ಲಿ ಇಳಿದು, ತಂತಿಯ ರೋಧವೂ ಸೇರಿ, ಸ್ಪೀಕರಿಗೆ ಎರಡು ಓಮಿನ ಸುಮಾರಿಗೆ ಕಾಣುತ್ತದೆ. ಬಿಗಿಯಾದ ಸ್ಪೀಕರಿಗೆ ಇದು ಹಿತ. ಹಣವಿದ್ದರೆ ಅದನ್ನು ವಾಲ್ವಿನ ಹೆಸರಿಗಿಂತ ಈ ಟ್ರಾನ್ಸ್‌ಫಾರ್ಮರಿಗೆ ಸುರಿಯುವುದು ಮೇಲೆಂದು ನನ್ನ ಮತ. ಮಂದ್ರದಲ್ಲಿ ಸೋಲುವುದು ಸಾಮಾನ್ಯವಾಗಿ ಅದೇ.

ವಾಲ್ವೇ ಆಗಬೇಕೆಂದೇನೂ ಇಲ್ಲ. ಅಮೆರಿಕದ ನೆಲ್ಸನ್ ಪಾಸ್ ಎಂಬ ಎಂಜಿನಿಯರು ಫುಲ್‌ರೇಂಜ್ ಸ್ಪೀಕರುಗಳಿಗೆಂದೇ ಹತ್ತು ವ್ಯಾಟಿನ ಆಸುಪಾಸಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳನ್ನು ಮಾಡಿ, ಅವಕ್ಕೆ ‘ಫಸ್ಟ್ ವ್ಯಾಟ್’ ಎಂದು ಹೆಸರಿಟ್ಟನು. ಒಳರೋಧವನ್ನು ಬೇಕೆಂದೇ ಬಹಳ ಎತ್ತರಕ್ಕೇರಿಸಿದರೆ ಇಂತಹ ಸ್ಪೀಕರುಗಳು ಹೇಗೆ ನುಡಿಯುತ್ತವೆಂಬುದನ್ನು 2004ರಲ್ಲಿ ಬರೆದು ಪ್ರಕಟಿಸಿದನು. ಮೊದಲನೆಯ ವ್ಯಾಟೇ ಮುಖ್ಯ ಎಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಹೆಚ್ಚಿನ ಆಂಪ್ಲಿಫೈಯರುಗಳಲ್ಲಿ ತರಂಗದ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರೂ ಕೆಳಗಿನರ್ಧವನ್ನು ಇನ್ನೊಂದೂ ಹೊರುತ್ತವೆ. ಪಲ್ಲಕ್ಕಿ ಹೊತ್ತವರು ಹೆಗಲು ಬದಲಿಸುವಾಗ ಆಗುವ ಕುಲುಕಿನಂತೆ, ಕೈ ಬದಲಾಗುವಲ್ಲಿ ಸಣ್ಣದೊಂದು ವಿಕೃತಿ ಹುಟ್ಟುತ್ತದೆ. ದೊಡ್ಡ ದನಿಯಲ್ಲಿ ಅದು ಮುಳುಗಿಹೋಗುತ್ತದೆ. ನೂರನೆಯ ಒಂದು ವ್ಯಾಟಿನಲ್ಲಿ ಕೇಳುವವರಿಗೆ ಮುಳುಗಿಸುವಷ್ಟು ನೀರೇ ಇಲ್ಲ. ‘ಕ್ಲಾಸ್ ಎ’ ಎಂಬ ಬಗೆಯಲ್ಲಿ ಈ ಹೆಗಲು ಬದಲಾವಣೆಯಿಲ್ಲ. ಅದು ಸುಮ್ಮನಿದ್ದಾಗಲೂ ಬಿಸಿಯಾಗಿರುತ್ತದೆ, ಬೇಸಗೆಯಲ್ಲಿ ಕಿಟಕಿ ತೆರೆದಿಡಬೇಕು.

ಒಳರೋಧ ಹೆಚ್ಚಿರುವ ಆಂಪ್ಲಿಫೈಯರನ್ನು ಎಲ್ಲ ಸ್ಪೀಕರಿಗೂ ಕಟ್ಟಬಹುದೆಂದು ಮಾತ್ರ ತಿಳಿಯಬಾರದು. ಕ್ರಾಸ್‌ಓವರ್ ಇರುವ ಪೆಟ್ಟಿಗೆಯ ರೋಧ ಒಂದು ಸ್ವರಕ್ಕೆ 6 ಓಮಿದ್ದರೆ ಇನ್ನೊಂದಕ್ಕೆ 40 ಇರಬಹುದು. 3 ಓಮಿನ ಒಳರೋಧವಿದ್ದರೆ ಆ ಎರಡು ಸ್ವರಗಳ ನಡುವೆ ಸುಮಾರು ಮೂರು ಡೆಸಿಬಲ್ ವ್ಯತ್ಯಾಸ ಬೀಳುತ್ತದೆ. ಸೊನ್ನೆಗೆ ಹತ್ತಿರವಿದ್ದರೆ ಬೀಳುವುದಿಲ್ಲ. ಫುಲ್‌ರೇಂಜ್ ಸ್ಪೀಕರಿನಲ್ಲಿಯೂ ತಾರಸ್ಥಾಯಿಯ ಕಡೆಗೆ ರೋಧ ಏರುತ್ತದೆ. ಆದುದರಿಂದ ರೆಸಿಸ್ಟರನ್ನು ಅತಿಯಾಗಿ ಹೆಚ್ಚಿಸಿದರೆ ಪಿಟೀಲು ಕಿರುಚತೊಡಗುವುದು. ಎರಡು ಓಮಿನಿಂದ ಆರಂಭಿಸಿ, ಎಡಗೈ ಬಂದಲ್ಲಿಗೆ ನಿಲ್ಲಿಸುವುದು ಕ್ಷೇಮ.

ಇನ್ನು ಈ ಸ್ಪೀಕರುಗಳ ದೋಷಗಳನ್ನು ಹೇಳದಿದ್ದರೆ ನಾನೂ ಅಂಗಡಿಯವನೇ ಆದೇನು. ಎಂಟು ಅಂಗುಲದ ಶಂಕು ಸೆಕೆಂಡಿಗೆ 2000 ಕಂಪನಗಳನ್ನು ದಾಟಿದ ಮೇಲೆ ದನಿಯನ್ನು ಟಾರ್ಚಿನ ಬೆಳಕಿನಂತೆ ಎದುರಿಗಷ್ಟೇ ಬೀರುತ್ತದೆ. ನಡುವಿನ ಕುರ್ಚಿಯವನಿಗೆ ಸ್ವರ್ಗ, ಪಕ್ಕದ ಸೋಫಾದವರಿಗೆ ಮಬ್ಬು. ಶಂಕುವಿನ ನಡುವೆ ಪುಟ್ಟದೊಂದು ಎರಡನೆಯ ಶಂಕುವನ್ನು ಅಂಟಿಸಿ ತಾರವನ್ನು ಎಳೆದು ತರುವುದುಂಟು. ಆದರೂ ಕೆಲವು ಸ್ಪೀಕರುಗಳು 2000–4000 ಕಂಪನಗಳ ನಡುವೆ ಮಾರುಕಟ್ಟೆಯಲ್ಲಿ ಕೂಗಿದಂತೆ ಕೂಗುವುದನ್ನು ಬಿಡುವುದಿಲ್ಲ. ಪೆಟ್ಟಿಗೆಯ ಮುಖ ಒಂದಡಿ ಅಗಲವಿದ್ದರೆ, ಸುಮಾರು 380 ಕಂಪನಗಳಿಗಿಂತ ಕೆಳಗಿನ ಸ್ವರಗಳು ಪೆಟ್ಟಿಗೆಯನ್ನು ಬಳಸಿ ಹಿಂದಕ್ಕೆ ಹೋಗತೊಡಗುತ್ತವೆ. ಗೋಡೆಯ ಹತ್ತಿರ ಇಡಬೇಕೆಂದದ್ದು ಇದಕ್ಕಾಗಿಯೇ. ಆಳವಾದ ಮಂದ್ರ ಬೇಕೆಂದರೆ ಹಿಂಬದಿಗೆ ಮಡಿಸಿದ ಕಹಳೆಯುಳ್ಳ ಪೆಟ್ಟಿಗೆ ಬೇಕು, ಅದು ಗಾತ್ರದಲ್ಲಿ ಗಾದ್ರೆಜ್ ಬೀರುವಿಗೆ ಸಮನಾದೀತು. ದೊಡ್ಡ ವಾದ್ಯವೃಂದವನ್ನೋ ಇಂದಿನ ಸಿನಿಮಾ ಸಂಗೀತದ ಅಬ್ಬರವನ್ನೋ ಮೆಚ್ಚುವವರು ಈ ದಾರಿ ಹಿಡಿಯದಿರುವುದೇ ಲೇಸು. ಕಂಠ, ವೀಣೆ, ಕೊಳಲು, ನಾಲ್ಕು ಜನರ ಕಚೇರಿ, ರೇಡಿಯೋ ನಾಟಕ, ಇವನ್ನು ಸಣ್ಣ ದನಿಯಲ್ಲಿ, ಮಕ್ಕಳು ಮಲಗಿದ ಮೇಲೆ, ಒಂದೆರಡು ಗಂಟೆ ಕೇಳುವವರಿಗೆ ಇದು ಹೇಳಿ ಮಾಡಿಸಿದ್ದು.

ಅಟ್ಟದಲ್ಲಿರುವ ತಾತನ ರೇಡಿಯೋದ ಆಂಪ್ಲಿಫೈಯರನ್ನೇ ಇದಕ್ಕೆ ಬಳಸಬಹುದಲ್ಲವೆ ಎಂದು ಕೆಲವರಿಗೆ ತೋರಬಹುದು. ವಾಲ್ವುಗಳು ಚೆನ್ನಾಗಿದ್ದರೆ ಬಳಸಬಹುದು. ಆದರೆ ಪರಿಣತನ ಕೈಯಿಂದಲ್ಲದೆ ಅದನ್ನು ಬಿಚ್ಚಬಾರದು. ಅಂತಹ ಪೆಟ್ಟಿಗೆಗಳಲ್ಲಿ 250ರಿಂದ 400 ವೋಲ್ಟು ಓಡಾಡುತ್ತಿರುತ್ತದೆ, ಗೋಡೆಯ ಸ್ವಿಚ್ಚನ್ನು ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ದಶಕಗಳು ಕಳೆದ ಕೆಪಾಸಿಟರುಗಳನ್ನು ಬದಲಾಯಿಸದೆ ವಿದ್ಯುತ್ತು ಕೊಡಲೂ ಬಾರದು. ವಾಲ್ವಿನ ಆಂಪ್ಲಿಫೈಯರನ್ನು ಸ್ಪೀಕರಿನ ತಂತಿ ಕಳಚಿಟ್ಟು ದನಿಯೇರಿಸಿದರೆ ಟ್ರಾನ್ಸ್‌ಫಾರ್ಮರು ಸುಟ್ಟೀತು. ಟ್ರಾನ್ಸಿಸ್ಟರಿನದಕ್ಕೆ ತಂತಿ ಕಳಚಿದ್ದರೆ ಚಿಂತೆಯಿಲ್ಲ, ಎರಡು ತಂತಿಗಳು ಒಂದಕ್ಕೊಂದು ತಾಗಬಾರದು ಅಷ್ಟೆ.